ಸ್ವಲ್ಪ ವಾಬ್ಲಿ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಳೆಯಪ್ಪಾ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಬರೀ ನೆಲದ ಮೇಲೆ ಮಲಗಬೇಡ, ಹೊದಿಕೆಯನ್ನು ಎರಡು ಮಡಿಕೆ ಮಾಡಿ ಹಾಸಿಕೋ. ಈ ಪತ್ರವನ್ನು ನಿನಗಿಂತ ಮೊದಲು ಜೈಲಿನ ಸಾಹೇಬರು ಒಡೆದು ಓದುತ್ತಾರಂತೆ. ಓದಲಿ, ಅಕ್ಕ ತಮ್ಮನನ್ನು ಮೊಳೆಯಪ್ಪ ಎನ್ನುವುದೇಕೆಂದು ತಲೆ ಕೆರೆದುಕೊಳ್ಳಲಿ. ಬಡಗಿ ಕೆಲಸ ಮಾಡುತ್ತಾ ಬಾಯಿತುಂಬ ಮೊಳೆ ಇಟ್ಟುಕೊಂಡೇ ಊರವರ ಜೊತೆಯೆಲ್ಲ ಮಾತಾಡುತ್ತಿದ್ದವನು ನೀನು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಹೇಳಿದ್ದಾಳೆ. ಚೆನ್ನಾಗಿಲ್ಲ. ನಾಲ್ಕು ತುತ್ತಿಗೇ ಕೈ ತೊಳೆಯುತ್ತಾಳೆ, ಕೊಳೆಯಾಗದ ನಿನ್ನ ಅಂಗಿಗಳನ್ನು ಮತ್ತೆ ಮತ್ತೆ ಒಗೆದು ಮಡಿಸಿಡುತ್ತಾಳೆ.

ಚಿತ್ರಮಂದಿರ ಇನ್ನೂ ತೆರೆದಿಲ್ಲ. ಆಫೀಸು ಮಾತ್ರ ನಡೆಯುತ್ತಿದೆ, ನಾನು ಹೋಗಿ ಟೈಪ್ ಮಾಡಿ ಬರುತ್ತೇನೆ. ಬಾಲ್ಕನಿಯ ಕಂಬಿ ಮುರಿದ ಜಾಗಕ್ಕೆ ಹಗ್ಗ ಕಟ್ಟಿದ್ದಾರೆ. ಟಿಕೆಟ್ ಹರಿಯುತ್ತಿದ್ದ ತಾತ ಆ ಕಂಬಿಗೆ ಒರಗಿ ಕೆಳಗೆ ಬಿದ್ದು ಪ್ರಾಣ ಬಿಟ್ಟು ಇವತ್ತಿಗೆ ಎರಡು ತಿಂಗಳು. ಅವರ ಸ್ಟೂಲು ಬಾಗಿಲ ಬಳಿ ಹಾಗೇ ಇದೆ, ಯಾರೂ ಕೂರುವುದಿಲ್ಲ. ಪಾಪ, ಆಟ ಬಿಟ್ಟ ಮೇಲೆ ಒಂದು ಗಳಿಗೆ ಬೆನ್ನು ಆನಿಸಲು ಬೇರೆ ಜಾಗ ಸಿಗಲಿಲ್ಲವೇ ಅವರಿಗೆ!

ಪ್ರತಿ ಶನಿವಾರ ನೀನು ರಿಪೇರಿ ಪಟ್ಟಿ ಹೇಳುತ್ತಿದ್ದೆ, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ, ಇಂಗ್ಲಿಷ್ ಓದಲು ಬಾರದ ನೀನು ಅಕ್ಕನನ್ನು ನಂಬಿ ಸಹಿ ಹಾಕುತ್ತಿದ್ದೆ. ನಮ್ಮ ಮ್ಯಾನೇಜರಿಗೆ ‘ಅಪಾಯ’ ಎಂಬ ಪದ ಕಂಡರಾಗದು; ಹಾಗೆ ಬರೆದರೆ ಆಟ ನಿಲ್ಲಿಸಬೇಕಲ್ಲ. ಸಲುಗೆಯ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಅವರೇ ಕಲಿಸಿದರು. ಕಾಲು ಕುಂಟುವ ಕುರ್ಚಿ ವಾಬ್ಲಿ, ಕಿರುಗುಟ್ಟುವ ಏಣಿ ರಿಕೆಟಿ, ಸೊಟ್ಟಗಾದ ಬಾಗಿಲು ವಾಂಕಿ, ಒಮ್ಮೆ ಹತ್ತಿ ಒಮ್ಮೆ ಆರುವ ದೀಪ ಡಾಜಿ, ನಂಬಲೋ ಬೇಡವೋ ಎನಿಸುವುದೆಲ್ಲ ಇಫ್ಫಿ. ಮುದ್ದು ಮಕ್ಕಳ ಹೆಸರಿನಂತಿದ್ದವು. ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡು ನಾನು ಬೀಗಿದ್ದೇ ಬೀಗಿದ್ದು. ನೀನು ನಗುತ್ತಿದ್ದೆ: “ಅಲ್ಲಾಡೋದಕ್ಕೆ ಇಷ್ಟೊಂದು ಹೆಸರಾ ಅಕ್ಕಾ? ನನಗೆ ಗೊತ್ತಿರೋದು ಎರಡೇ. ಬೀಳತ್ತೆ, ಇಲ್ಲಾ ಬೀಳಲ್ಲ.”

ಕಂಬಿಯ ವಿಷಯಕ್ಕೆ ನೀನು ಹೇಳಿದ್ದು “ಬೀಳತ್ತೆ ಅಕ್ಕಾ, ಇವತ್ತೇ ಬಾಲ್ಕನಿ ಮುಚ್ಚಿಸು” ಎಂದು. ನಾನು ಟೈಪ್ ಮಾಡಿದ್ದು ‘ಸ್ವಲ್ಪ ವಾಬ್ಲಿ’ ಎಂದು. ಅಂದು ಹೊಸ ಚಿತ್ರ ಬಂದಿತ್ತು. ಬೇರೆ ಬರೆದರೆ ಮ್ಯಾನೇಜರ್ ಮುಖ ಗಂಟಿಕ್ಕುತ್ತಿದ್ದರು, ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಮನಸ್ಸಿಗೆ ಒಂದಿಷ್ಟು ಸಮಾಧಾನವಿರುತ್ತಿತ್ತೇನೋ. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಆ ಹಾಳೆ ಎತ್ತಿ ಹಿಡಿದು, ಇಷ್ಟು ಹಗುರವಾಗಿ ಬರೆಸಿದ್ದು ಯಾರು ಎಂದು ಕೇಳಿದಾಗ ನೀನು ಒಂದು ಸಲ ನನ್ನ ಕಡೆ ನೋಡಿದೆ. ಆಮೇಲೆ ತಲೆ ತಗ್ಗಿಸಿ, “ನಾನೇ ಸಾರ್, ನಾನು ಹಾಗೇ ಹೇಳಿದ್ದು” ಎಂದುಬಿಟ್ಟೆ. ನಾನು ಕೈಚೀಲ ಅವುಚಿಕೊಂಡು ಬೆಂಚಿನ ಮೇಲೆ ಕೂತೇ ಇದ್ದೆ. ಅಕ್ಕನ ಕೆಲಸವೂ ಹೋದರೆ ಅಮ್ಮನ ಗತಿಯೇನು ಎಂದು ನೀನು ಯೋಚಿಸಿದ್ದು ನನಗೆ ತಿಳಿಯದೇ? ನಾಚಿಕೆಯಾಗುತ್ತದೆ ಕಣೋ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ಮಂಗಳವಾರದ ವಿಚಾರಣೆಗೆ ನೀಲಿ ಅಂಗಿ ಕಳಿಸುತ್ತಿದ್ದೇನೆ. ಗಡ್ಡ ತೆಗೆದುಕೋ. ಸಿಕ್ಕಿದ್ದನ್ನು ಬಿಡದೆ ಊಟ ಮಾಡು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ನನ್ನದನ್ನೂ ಸೇರಿಸಿಕೋ, ಅದಕ್ಕೇನಾದರೂ ಬೆಲೆ ಉಳಿದಿದ್ದರೆ.

ನಿನ್ನ ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಿನ್ನ ವಕೀಲರ ಬಳಿ ಹೋಗಿ ಎಲ್ಲವನ್ನೂ ಬರೆದುಕೊಟ್ಟು ಬಂದೆ, ನೀನು ಹೇಳಿದ್ದೇನು, ನಾನು ಬರೆದದ್ದೇನು ಎಂದು. ಮಂಗಳವಾರ ನನ್ನನ್ನೂ ಕರೆಯುತ್ತಾರೆ. ಕೇಸು ನನ್ನ ಮೇಲೆ ತಿರುಗಬಹುದಂತೆ, ತಿರುಗಲಿ. ನನ್ನನ್ನು ಉಳಿಸಲು ಮತ್ತೆ ಸುಳ್ಳು ಹೇಳಿದರೆ ನನ್ನಾಣೆ. ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಮಡಿಸುತ್ತಿದ್ದ ನಿನ್ನ ಅಂಗಿಯನ್ನು ಕೆಳಗಿಟ್ಟು, “ಹಾಗಾದ್ರೆ ಇಬ್ರಲ್ಲಿ ಮನೆಗೆ ಬರೋದು ಯಾರು?” ಎಂದು ಕೇಳಿದಳು. “ತಮ್ಮ ಬರ್ತಾನಮ್ಮಾ” ಎಂದೆ. ಆ ಮಾತನ್ನು ಸುಳ್ಳು ಮಾಡಬೇಡ.