ಭಾನುವಾರದ ಹಿಂದಿ

೫-೧-೮೬, ಭಾನುವಾರ

ಇವತ್ತೂ ಕರೆಂಟು ಕೈಕೊಡಲಿಲ್ಲ. ಮಲಯಾಳಿ ಅಬ್ರಹಾಂ ಚೇಟನ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ರಬ್ಬರ್ ಶೀಟಿನ ವಾಸನೆ, ಬೆವರಿನ ವಾಸನೆ. ನನಗೆ ಮಾತ್ರ ಟಿ.ವಿ. ಪಕ್ಕ ಸ್ಟೂಲು. ಈ ಸುತ್ತಿನಲ್ಲಿ ಹಿಂದಿ ಬರುವವಳು ನಾನೊಬ್ಬಳೇ. ಬೊಂಬಾಯಿಯ ಒಂಬತ್ತು ವರ್ಷ ಕೊಟ್ಟದ್ದು ಅದೊಂದನ್ನೇ.

ಚೇಟನ ಅಮ್ಮ ಕತ್ರೀನಮ್ಮ ಹಿಂದಿ ಸೀರಿಯಲ್ ತಪ್ಪಬಾರದೆಂದು ಇಗರ್ಜಿಯ ಮೊದಲ ಪೂಜೆಗೇ ಹೋಗಿ ಬರುತ್ತಾರೆ. “ಮೋಳೆ, ಅವ ಎಂತ ಹೇಳಿದ?” — ಅವರ ಮಲಯಾಳದಲ್ಲಿ ಮಗಳೇ ಎಂದು ಕರೆದು, ಕೇಳಿ ಕೇಳಿ ಜೀವ ತಿನ್ನುತ್ತಾರೆ.

ಸೀರಿಯಲಿನ ಕಮಲಾ ತವರಿಗೆ ಬಂದು ಕೂತಿದ್ದಾಳೆ. ಗಂಡನ ಸುದ್ದಿಯಿಲ್ಲ. ನನ್ನ ಹಾಗೇ. “ಎರಡು ತಿಂಗಳು ಅಣ್ಣನ ಮನೆಯಲ್ಲಿ ಇದ್ದು ಬಾ” ಎಂದು ಇವರು ಬೊಂಬಾಯಿಯಲ್ಲಿ ಬಸ್ಸು ಹತ್ತಿಸಿ ವರ್ಷವಾಗುತ್ತ ಬಂತು. ಕಾಗದವಿಲ್ಲ. ಬರೆದದ್ದಕ್ಕೆ ಉತ್ತರವೂ ಇಲ್ಲ. ದೇವರೇ, ಅವಳನ್ನಾದರೂ ಅವನು ಕರೆಯಲಿ. ಅವಳಿಗಾದರೆ ನನಗೂ ಆದೀತು... ಹುಚ್ಚು. ಗೊತ್ತು.

೧೨-೧-೮೬, ಭಾನುವಾರ

ಏನು ಮಾಡಿಬಿಟ್ಟೆ.

ಕಮಲಾ ತಾನೇ ಗಂಡನ ಮನೆಗೆ ಹೋದಳು. ಅಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು, ಅವನ ಹಿಂದೆ ಒಂದು ಏಣಿ. ಅವನು ಮುಖ ಕೊಟ್ಟು ಮಾತಾಡಲೇ ಇಲ್ಲ. ಬೇರೊಬ್ಬಳಿದ್ದಾಳೆ, ನೀನಿನ್ನು ಬರಬೇಡ ಅಂದ. ಅಷ್ಟು ಸ್ಪಷ್ಟ ಹಿಂದಿ.

“ಎಂತ ಹೇಳಿದ, ಮೋಳೆ?”

ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಕಿಟಕಿ ಹತ್ತಿರ ನನ್ನ ಅಣ್ಣ ಬೋಜಪ್ಪ ಬೇರೆ — ಎಂದೂ ಬರದವನು ಇವತ್ತೇ ಬಂದು ನಿಂತಿದ್ದ. ಹೇಳಿದೆ: “ಮನೆಗೆ ಬಣ್ಣ ಬಳಿಸ್ತಾ ಇದ್ದೇನೆ, ಮುಗಿದ ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೇನೆ ಅಂತ ಹೇಳಿದ.”

“ಮತ್ತೆ ಅವಳು ಯಾಕೆ ಅಳುದು?”

“ಸಂತೋಷಕ್ಕೆ.”

ಕತ್ರೀನಮ್ಮ ಶಿಲುಬೆಯ ಗುರುತು ಮಾಡಿಕೊಂಡರು.

೧೯-೧-೮೬, ಭಾನುವಾರ

ಒಂದು ಸುಳ್ಳು ಮುಚ್ಚಲು ಇನ್ನೊಂದು. ಆ ಬೇರೊಬ್ಬಳು ಇವತ್ತು ತೆರೆಯ ಮೇಲೆಯೇ ಬಂದಳು. ಅವನ ತಂಗಿ ಅಂದೆ. ಅವನು ಅವಳ ತಲೆಗೆ ಹೂ ಮುಡಿಸಿದ. ಏನು ಮಾಡಲಿ?

“ತಂಗಿಗೆ ಹೂ ಮುಡಿಸುದಾ, ಮೋಳೆ?”

“ಆಚೆ ಕಡೆ ಹಾಗೆ ಕ್ರಮ ಉಂಟು, ಅಮ್ಮ.”

ಎಲ್ಲರೂ ನಂಬಿದರು. ಅಣ್ಣ ಮಾತ್ರ ತೆರೆ ನೋಡಲಿಲ್ಲ, ನನ್ನನ್ನು ನೋಡಿದ. ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದ, “ಸೀತು, ನಾಡಿದ್ದು ಬೊಂಬಾಯಿಗೆ ಹೋಗ್ತೇನೆ. ಭಾವನನ್ನು ಒಮ್ಮೆ ಕಂಡು ಬರ್ತೇನೆ.”

ಬೇಡ ಎನ್ನಬೇಕಿತ್ತು. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

೨೬-೧-೮೬, ಭಾನುವಾರ

ಸೀರಿಯಲ್ ಇಲ್ಲ. ದಿಲ್ಲಿಯ ಪೆರೇಡ್. ಪೆರೇಡಿಗೆ ಹಿಂದಿ ಬೇಡವಲ್ಲ, ಸ್ಟೂಲಿನಲ್ಲಿ ಬೇರೆ ಯಾರೋ ಕೂತಿದ್ದರು. ಬಾಗಿಲಲ್ಲಿ ನಿಂತು ವಾಪಸ್ ಬಂದೆ.

ಅಣ್ಣ ಇನ್ನೂ ಬಂದಿಲ್ಲ. ಬಸ್ಸಿನ ಶಬ್ದವಾದಾಗಲೆಲ್ಲ ಅಂಗಳಕ್ಕೆ ಓಡುತ್ತೇನೆ. ಇವರೂ ಜೊತೆಗೆ ಇಳಿದರೆ? ಬಯ್ಯಲಿ, ಹೊಡೆಯಲಿ, ಬರಲಿ. ಇಷ್ಟು ಮರ್ಯಾದೆ ಬಿಟ್ಟವಳು ಯಾವಾಗ ಆದೆ ನಾನು?

೨೯-೧-೮೬, ಸಂಜೆ

ಅಣ್ಣ ಬಂದ. ಒಬ್ಬನೇ. ಚೆಂಬಿನ ನೀರು ಪೂರ್ತಿ ಕುಡಿದ. ಆಮೇಲೆ ಹೇಳಿದ —

“ಭಾವ ಚೆನ್ನಾಗಿದ್ದಾರೆ, ದಮಯಂತಿ. ರೂಮಿಗೆ ಬಣ್ಣ ಬಳಿಸ್ತಾ ಇದ್ದಾರೆ. ಮುಗಿದ ಮೇಲೆ ಅವರೇ ಬಂದು ಕರ್ಕೊಂಡು ಹೋಗ್ತಾರಂತೆ.”

ಅತ್ತಿಗೆ ದೇವರಿಗೆ ದೀಪ ಹಚ್ಚಿದಳು. ನಾನು ನಿಂತೇ ಇದ್ದೆ.

“ಏಣಿ ಇತ್ತಾ ಅಣ್ಣ?”

“ಇತ್ತು.” ಚೆಂಬನ್ನೇ ನೋಡುತ್ತ ಹೇಳಿದ.

ಬೊಂಬಾಯಿಯ ಆ ಒಂದು ರೂಮಿನ ಖೋಲಿಯಲ್ಲಿ ಕೈ ಎತ್ತಿದರೆ ತಲೆ ಮೇಲಿನ ಮಾಡು ಸಿಗುತ್ತದೆ. ಒಂಬತ್ತು ವರ್ಷ ನಾನೇ ಜೇಡರ ಬಲೆ ತೆಗೆದಿದ್ದೇನೆ, ಬರೇ ಚಿಂದಿ ಬಟ್ಟೆ ಹಿಡಿದು. ಅಲ್ಲಿ ಏಣಿ ಯಾಕೆ?

ಪಾಪ ನನ್ನಣ್ಣ. ಸುಳ್ಳು ಹೇಳಿ ಅಭ್ಯಾಸವೇ ಇಲ್ಲ. ಬೇರೆ ಮಾತು ಹೊಳೆಯದೆ ನನ್ನದನ್ನೇ ತಂದು ನನಗೆ ಕೊಟ್ಟ. ಅಲ್ಲಿ ಏನು ಕಂಡನೋ. ಕೇಳಲಿಲ್ಲ. ಗೊತ್ತಾಯಿತು. ಅಳುವೂ ಬರುತ್ತಿಲ್ಲ.

೩೧-೧-೮೬

ಅತ್ತಿಗೆ ಊರಿಗೆಲ್ಲ ಹೇಳಿದ್ದಾಳೆ. ದಾರಿಯಲ್ಲಿ ಕತ್ರೀನಮ್ಮ ಕೈ ಹಿಡಿದುಕೊಂಡರು. “ನೋಡಿದಿಯಾ ಮೋಳೆ, ಸೀರಿಯಲಿನ ಹಾಗೇ ಆಯ್ತು. ನಾನು ಇಗರ್ಜಿಯ ಮಾತಾವಿನ ಹತ್ತಿರ ಇಬ್ಬರಿಗೂ ಸೇರಿಸಿಯೇ ಕೇಳಿದ್ದು.”

ನಕ್ಕೆ. ನಗಲು ಬಂತು ನನಗೆ.

೨-೨-೮೬, ಭಾನುವಾರ, ಬೆಳಿಗ್ಗೆ

ಕತ್ರೀನಮ್ಮ ಹೇಳಿ ಕಳಿಸಿದ್ದಾರೆ, ಸ್ಟೂಲು ಇಟ್ಟಾಗಿದೆಯಂತೆ. ಅಣ್ಣನೂ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾನೆ. ಟಿ.ವಿ.ಗೆ ಹೊರಟದ್ದಲ್ಲ ಅವನು, ನನ್ನನ್ನು ಒಬ್ಬಳೇ ಬಿಡಲು ಹೆದರಿಕೆ.

ಇವತ್ತು ಕೋರ್ಟಿನ ಸೀನು ಇರಬಹುದು. ಅವಳು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದರೆ, ಅದು ಎಂತದು ಎಂದು ಎಲ್ಲರೂ ಕೇಳುತ್ತಾರೆ. ಅಣ್ಣ ಕಿಟಕಿಯ ಹತ್ತಿರ ನಿಂತು ನನ್ನ ಬಾಯಿಯನ್ನೇ ನೋಡುತ್ತಾನೆ. ಅವನ ಎದುರು ನಾನು ಇದ್ದದ್ದು ಇದ್ದ ಹಾಗೆ ಹೇಳಿದರೆ, ನನಗೆ ಎಲ್ಲ ಗೊತ್ತೆಂದು ಅವನಿಗೂ ತಿಳಿಯುತ್ತದೆ... ಕರೆಯುತ್ತಿದ್ದಾನೆ, ಹೊರಟೆ.