ಜನವಿಲ್ಲದ ಹೊತ್ತಿನ ಎಣ್ಣೆ ಪೇಟೆ

ವಾಯಿದಾ ಪೇಟೆಯ ಕಾವಲಿಗೆ ಕೂತಿರುವ ಮಾನ್ಯರೇ,

ನಿಮ್ಮ ಕಚ್ಚಾ ತೈಲದ ಬೆಳಗಿನ ವ್ಯಾಪಾರ ನಮ್ಮ ಮನೆಯ ಹೊಲಿಗೆ ಯಂತ್ರಕ್ಕೆ ಮುಳುವಾಗಿದೆ. ಯಂತ್ರ ನನ್ನ ಮಗಳದು, ದುಡಿಮೆಯೂ ಅವಳದೇ; ಮಾರಲು ಹೊರಟಿರುವವನು ಮಾತ್ರ ನನ್ನ ಅಳಿಯ.

ಅಳಿಯನಿಗೆ ಒಂದು ತೊಟ್ಟು ಎಣ್ಣೆಯೂ ಬೇಕಿಲ್ಲ. ಮುಂದಿನ ತಿಂಗಳ ಪೀಪಾಯಿಗೆ ಇವತ್ತೇ ಬೆಲೆ ಕಟ್ಟಿ ಮಾತು ಕೊಡುವುದು, ಬೆಲೆ ಏರಿದರೆ ಆ ಮಾತನ್ನೇ ಮಾರಿ ಬೀಗುವುದು, ಇಳಿದರೆ ಗೋಡೆಗೆ ಮುಖ ಮಾಡಿ ಮಲಗುವುದು. ಇದನ್ನು ನೀವು ವ್ಯಾಪಾರ ಎನ್ನುತ್ತೀರಿ. ಇರಲಿ, ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನಗೇನು ಗೊತ್ತು?

ನನ್ನ ತಕರಾರು ಹೊತ್ತಿನದು. ಸಂಜೆ ಹೊರದೇಶದ ಸಾಹುಕಾರರೆಲ್ಲ ಪೇಟೆಗೆ ಇಳಿಯುತ್ತಾರಂತೆ. ಆಗಲೂ ಏನಾದರೂ ಸುದ್ದಿ ಬಂದರೆ ಬೆಲೆ ಕುಣಿಯುತ್ತದೆ, ಆದರೆ ಮಾರುವವನಿಗೆ ಕೊಳ್ಳುವವನು ಸಿಗುತ್ತಾನೆ. ಬೆಳಿಗ್ಗೆ ಅವರೆಲ್ಲ ಹೊದ್ದು ಮಲಗಿರುವಾಗ ಕೊಳ್ಳುವವನ ಬೆಲೆ ನೆಲಮಾಳಿಗೆಯಲ್ಲಿ, ಮಾರುವವನದು ಅಟ್ಟದ ಮೇಲೆ. ಯಾವನೋ ಒಬ್ಬ ಆಸಾಮಿ ಒಂದಿಷ್ಟು ಹೆಚ್ಚಿಗೆ ಮಾರಿದರೂ ಬೆಲೆ ಧೊಪ್ಪನೆ ಬೀಳುತ್ತದೆ. ನೀರಿಲ್ಲದ ಕೆರೆಗೆ ಈಜು ಕಲಿಯಲು ಕರೆಯುವವರನ್ನು ಏನೆನ್ನಬೇಕು, ನೀವೇ ಹೇಳಿ.

ಕಳೆದ ವಾರ ಅಳಿಯ ಬೆಳಿಗ್ಗೆಯೇ ಕೊಂಡ. ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರಿಬಿಡು ಎಂದು ಫೋನಿಗೆ ಅಪ್ಪಣೆ ಕೊಟ್ಟು ಕ್ಷೌರಕ್ಕೆ ಹೋದ. ಅದಕ್ಕೆ ಸ್ಟಾಪ್‌ಲಾಸ್ ಎನ್ನುತ್ತಾರಂತೆ. ಅರ್ಧ ಗಡ್ಡ ಹೆರೆಯುವಷ್ಟರಲ್ಲಿ ಬೆಲೆ ಬಾವಿಗೆ ಇಣುಕಿ ವಾಪಸ್ ಬಂತು. ಅಳಿಯ ಮಾತ್ರ ಒಳಗೇ ಉಳಿದ. ಅವನು ಹೇಳಿದ ಬೆಲೆಗೆ ಗಿರಾಕಿಯಿಲ್ಲದೆ ಅವನ ಪೀಪಾಯಿ ಇನ್ನೂ ಕೆಳಗೆ ಮಾರಿಹೋಗಿತ್ತು.

"ನನ್ನ ಲೆಕ್ಕ ಸರಿಯಾಗೇ ಇತ್ತು ಅತ್ತೆ, ಸಂಜೆ ಏರೇ ಏರ್ತು ನೋಡಿ!"

"ಏರಿದ್ದು ಬೆಲೆ, ನೀನಲ್ವಲ್ಲಪ್ಪಾ!"

"ಇನ್ನೊಂದ್ಸಲ ದುಡ್ಡು ಹಾಕಿದ್ರೆ ಎಲ್ಲಾ ವಾಪಸ್ ಬರತ್ತೆ," ಎನ್ನುತ್ತಾ ಯಂತ್ರದ ಕಡೆ ನೋಡಿದ.

ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದ ಮಗಳು ತಲೆ ಎತ್ತಲಿಲ್ಲ. "ಅಮ್ಮಾ, ಇದನ್ನ ಮುಟ್ಟಿದ್ರೆ ರಾತ್ರಿ ತಟ್ಟೆಗೆ ಸೂಜಿ ಬಡಿಸ್ತೀನಿ ಅಂತ ಹೇಳು ಅವ್ರಿಗೆ."

ನಿಮ್ಮ ಕಚೇರಿಗೆ ಫೋನು ಮಾಡಿದೆ. "ಅಪಾಯ ಇದೆ ಅಂತ ಬರ್ದೇ ಇದೀವಲ್ಲ ಅಜ್ಜಿ," ಎಂದಿತು ಒಂದು ದನಿ. ಬರೆದಿದ್ದೀರಿ, ಇರುವೆ ಕನ್ನಡಕ ಹಾಕಿಕೊಂಡು ಓದುವಷ್ಟು ಸಣ್ಣಕ್ಷರದಲ್ಲಿ!

ನಿನ್ನೆ ಯಂತ್ರ ನೋಡಲು ಒಬ್ಬ ಬಂದ. ನಾನು ಅದರ ಹಲಗೆಯ ಮೇಲೆ ಹತ್ತಿ ಕೂತೆ. ಅವನು ಹೇಳಿದ ಬೆಲೆ ಕೇಳಿ ಅಳಿಯನೇ ಬೆಚ್ಚಿದ. "ಇಷ್ಟು ಕಮ್ಮಿನಾ?"

"ಬೇರೆ ಗಿರಾಕಿ ಇದ್ರೆ ಕರೀರಿ ಸ್ವಾಮಿ. ಇಲ್ಲ ಅಂದ್ಮೇಲೆ ನಾನ್ ಹೇಳಿದ್ದೇ ಬೆಲೆ."

ಅಳಿಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೂ ಚಟ ನೋಡಿ, ಶನಿವಾರ ಮತ್ತೆ ಬಾ ಎಂದು ಕಳಿಸಿದ್ದಾನೆ.

ಪೇಟೆ ಮುಚ್ಚಿ ಎನ್ನುವುದಿಲ್ಲ. ಫೋನಿನಲ್ಲಿ ಕೊಳ್ಳುವ ಗುಂಡಿ ಒತ್ತುವ ಮುಂಚೆಯೇ ಎದುರಿಗೆ ಎಷ್ಟು ಗಿರಾಕಿಗಳಿದ್ದಾರೆ, ಹೇಳಿದ ಬೆಲೆ ಸಿಗದೆಯೂ ಇರಬಹುದು ಎಂಬುದನ್ನು ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ತೋರಿಸಿ. ಶನಿವಾರದೊಳಗೆ ತೋರಿಸಿ. ಆಗದಿದ್ದರೆ ಯಂತ್ರ ಹೊರಲು ತಾವೇ ಬನ್ನಿ, ಮೊದಲು ನನ್ನನ್ನು ಎತ್ತಬೇಕಾದೀತು. ಜೊತೆಗೆ ಇನ್ನಿಬ್ಬರನ್ನು ಕರೆತನ್ನಿ.

ಇಂತಿ,
ಸೊಂಟ ಹಿಡಿದರೂ ಹಲಗೆಯಿಂದ ಇಳಿಯದ,
ಎಣ್ಣೆ ವ್ಯಾಪಾರಿಯ ಅತ್ತೆ