ಧನ್ಯಾಳ ಉತ್ತರಕ್ಕೆ ಸಹಿ

ಅಲ್ ಕುಸೈಸ್, ದುಬೈ, ಭಾನುವಾರ

ಧನ್ಯಾಳ ಅಪ್ಪನಿಗೆ,

ರುವೈಸ್‌ನ ನಿಮ್ಮ ಕ್ಯಾಂಪಿಗೆ ಫೋನ್ ಮಾಡಿದರೆ ನೀವು "ಖಲಾಸ್, ಸಹಿ ಮಾಡಿ ಕೊಡು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಧನ್ಯಾಳ ಗಣಿತ ಪರೀಕ್ಷೆಯಲ್ಲಿ, ಪರಬೊಲಾ x-ಅಕ್ಷವನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಪ್ರಶ್ನೆ. ಕೊನೆಯಲ್ಲಿ 3 ಇರಬೇಕಾದಲ್ಲಿ 5 ಅಚ್ಚಾಗಿತ್ತು: y = x² − 4x + 5. ಉಳಿದವರೆಲ್ಲ ಗೈಡಿನಲ್ಲಿದ್ದ ಹಾಗೆ 1 ಮತ್ತು 3 ಎಂದು ಬರೆದು ಮಾರ್ಕು ತೆಗೆದುಕೊಂಡರು. ನಮ್ಮ ಮಗಳು "ಎಲ್ಲಿಯೂ ಮುಟ್ಟುವುದಿಲ್ಲ" ಎಂದು ಬರೆದಳು. ಸೊನ್ನೆ ಸಿಕ್ಕಿತು. ಯಾಕೆಂದು ಅವಳು ಕೇಳಿದ್ದೇ ಟೀಚರಿಗೆ ಎದುರು ಮಾತಾಡಿದ ಹಾಗಾಯಿತಂತೆ. ಕ್ಷಮಾಪಣೆ ಬರೆದು, ನಮ್ಮ ಸಹಿ ಹಾಕಿಸಿ ತರದಿದ್ದರೆ ಒಲಿಂಪಿಯಾಡ್ ತಂಡದಲ್ಲಿ ಅವಳಿಗೆ ಜಾಗ ಇಲ್ಲವಂತೆ.

ನಾನು ಬರೀ ಎಸ್ಸೆಸ್ಸೆಲ್ಸಿ, ನಿಜ. ಆದರೂ ಮೀನು ಸಾರು ಒಲೆಯ ಮೇಲಿಟ್ಟು, ಒಂದೊಂದೇ ಬಿಂದು ಹಾಕಿ ನಾನೇ ಗ್ರಾಫ್ ಬರೆದು ನೋಡಿದೆ. ಗೆರೆ y-ಅಕ್ಷವನ್ನು 5ರಲ್ಲಿ ದಾಟಿತು, ಇಳಿದು 1ರವರೆಗೆ ಬಂತು, ಅಲ್ಲಿಂದಲೇ ಮೇಲಕ್ಕೆ ತಿರುಗಿತು. x-ಅಕ್ಷವನ್ನು ಮುಟ್ಟಲೇ ಇಲ್ಲ. ಅವಳು ಬರೆದದ್ದೇ ಸರಿ.

ಸಹಿ ಮಾಡು ಎಂದಿರಲ್ಲ, ಮಾಡಿದ್ದೇನೆ. ಆ ಕ್ಷಮಾಪಣೆ ಕಾಗದದ ಹಿಂಬದಿಯಲ್ಲಿ, ನಾನು ಬರೆದ ಗ್ರಾಫಿನ ಕೆಳಗೆ. ಪಕ್ಕದಲ್ಲಿ ನಿಮಗೂ ಜಾಗ ಬಿಟ್ಟಿದ್ದೇನೆ. ಶುಕ್ರವಾರ ಬಂದವರೇ ಮೊದಲು ಅದನ್ನು ತುಂಬಿಸಿ, ಆಮೇಲೆ ಊಟ.

ಇಂತಿ,
ಧನ್ಯಾಳ ಅಮ್ಮ